ತೀರಾ ಮೆತ್ತನೆಯ ಪಟರ್: ತಪ್ಪು ಕೈಯಲ್ಲೋ, ಗಾಳಿಯಲ್ಲೋ, ಚೈನಿನಲ್ಲೋ?

ಡಿಸ್ಕ್ ಗಾಲ್ಫ್ ಅಂದರೆ ಪ್ಲಾಸ್ಟಿಕ್ ಡಿಸ್ಕ್ ಎಸೆದು, ಚೈನು ಇಳಿಬಿಟ್ಟ ಬಾಸ್ಕೆಟ್ಟಿಗೆ ಬೀಳಿಸುವ ಆಟ. ಹತ್ತಿರದಿಂದ ಬಾಸ್ಕೆಟ್ಟಿಗೆ ಎಸೆಯುವುದು ಪಟ್, ಅದಕ್ಕೆ ಬಳಸುವ ಡಿಸ್ಕ್ ಪಟರ್. ಪಟ್ ಕೈಕೊಟ್ಟರೆ ಮೊದಲ ಅನುಮಾನ ಪಟರ್ ಮೇಲೇ ಬೀಳುತ್ತದೆ. ಚೈನಿಗೆ ಬಡಿದು ಆಚೆ ಹಾರಿದರೆ "ಇದು ತುಂಬಾ ಗಟ್ಟಿ, ಮೆತ್ತನೆಯದು ತಗೋಬೇಕು" ಅನ್ನುತ್ತಾರೆ. ಮೆತ್ತನೆಯದು ತಂದ ಮೇಲೆ ಪಟ್ ಬಲಕ್ಕೆ ಎಳೆಯಲು ಶುರುವಾದರೆ "ಇದು ಕೈಗೇ ಅಂಟುತ್ತೆ ಮಾರಾಯ, ಹಳೇದೇ ವಾಸಿಯಿತ್ತು" ಅನ್ನುತ್ತಾರೆ. ಅಮೆರಿಕದ ನಾರ್ತ್ ಕ್ಯಾರೊಲೈನಾದ ಶಾರ್ಲಟ್ ಸುತ್ತಮುತ್ತ ವಾರಾಂತ್ಯಕ್ಕೆ ಆಡುವ ನಮ್ಮ ಕನ್ನಡದವರ ಗುಂಪಿನಲ್ಲಿ ಹೀಗೆ ಒಂದೇ ಬೇಸಿಗೆಯಲ್ಲಿ ಪಟರ್ ಮೇಲೆ ಪಟರ್ ಬದಲಿಸಿದವರಿದ್ದಾರೆ. ಅವರ ಹಳೆಯ ಡಿಸ್ಕ್‌ಗಳೆಲ್ಲ ಈಗ ಮಕ್ಕಳ ಪಾಲು.

ಒಂದು ಪಟ್ ಕೆಡುವುದಕ್ಕೆ ನಾಲ್ಕು ಜಾಗಗಳಿವೆ: ಬಿಡುವಾಗ ಕೈಯಲ್ಲಿ, ಹೋಗುವಾಗ ಗಾಳಿಯಲ್ಲಿ, ತಾಗಿದಾಗ ಚೈನಿನಲ್ಲಿ, ತಪ್ಪಿ ಬಿದ್ದಾಗ ನೆಲದಲ್ಲಿ. ತೀರಾ ಮೆತ್ತನೆಯ ಪಟರ್ ಕೊನೆಯ ಎರಡು ಕಡೆ ಉಪಕಾರ ಮಾಡುತ್ತದೆ, ಮೊದಲ ಎರಡು ಕಡೆ ಕಾಟ ಕೊಡುತ್ತದೆ. ನಿಮ್ಮ ಪಟ್ ಕೆಡುತ್ತಿರುವುದು ಯಾವ ಜಾಗದಲ್ಲಿ ಅಂತ ಗೊತ್ತಿಲ್ಲದೆ ಅಂಗಡಿಗೆ ಹೋದರೆ ದುಡ್ಡು ದಂಡ.

ಮುಂದೆ ಬರೆದಿರುವುದೆಲ್ಲ ಬಲಗೈ ಬ್ಯಾಕ್‌ಹ್ಯಾಂಡ್ (ಕೈಯನ್ನು ಮೈಗೆ ಅಡ್ಡ ತಂದು ಎಸೆಯುವ) ಆಟಗಾರರ ಲೆಕ್ಕ. ಎಡಗೈಯವರು ಎಡ ಬಲ ಅದಲು ಬದಲು ಮಾಡಿಕೊಳ್ಳಿ.

"ಸಾಫ್ಟ್" ಅಂತ ಬರೆದಿದ್ದಾರೆ, ಎಷ್ಟು ಸಾಫ್ಟ್?

ಇದಕ್ಕೆ ಎಲ್ಲ ಕಂಪನಿಗಳಿಗೂ ಸೇರಿದ ಒಂದೇ ಅಳತೆ ಇಲ್ಲ. ಲ್ಯಾಟಿಟ್ಯೂಡ್ 64 ತನ್ನ ಝೀರೊ ಪ್ಲಾಸ್ಟಿಕ್ಕನ್ನು ಹಾರ್ಡ್, ಮೀಡಿಯಂ, ಸಾಫ್ಟ್ ಅಂತ ವಿಂಗಡಿಸಿ, ಅದೂ ಸಾಲದೆ ಮೆಗಾಸಾಫ್ಟ್ ಅಂತಲೂ ತಂದಿತು. ಡೈನಾಮಿಕ್ ಡಿಸ್ಕ್ಸ್‌ನವರದು ಕ್ಲಾಸಿಕ್, ಕ್ಲಾಸಿಕ್ ಬ್ಲೆಂಡ್, ಕ್ಲಾಸಿಕ್ ಸಾಫ್ಟ್. ಗೇಟ್‌ವೇ ಕಂಪನಿಯ ವಿಝರ್ಡ್ ಪಟರ್ ಮೇಲೆ ಎಸ್, ಎಸ್‌ಎಸ್, ಎಸ್‌ಎಸ್‌ಎಸ್ ಅಂತ ಇರುತ್ತದೆ. ಆ ಮೂರು ಎಸ್‌ಗಳ ಪೂರ್ಣರೂಪ "ಸೂಪರ್ ಸ್ಟುಪಿಡ್ ಸಾಫ್ಟ್". ಕಂಪನಿಯವರೇ ಇಟ್ಟ ಹೆಸರು, ನನ್ನ ಬೈಗುಳವಲ್ಲ. ಒಬ್ಬರ ಸಾಫ್ಟ್ ಇನ್ನೊಬ್ಬರ ಮೀಡಿಯಂ ಆಗಿರಬಹುದು. ಒಂದೇ ಕಂಪನಿಯ ಒಂದೇ ಹೆಸರಿನ ಡಿಸ್ಕ್ ಕೂಡ ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ.

ಇಲ್ಲೊಂದು ವಿಚಿತ್ರ. ಆಟದ ನಿಯಮ ಮಾಡುವ ಸಂಸ್ಥೆಯಾದ ಪಿಡಿಜಿಎ ಒಪ್ಪಿಗೆ ಕೊಡುವ ಮೊದಲು ಡಿಸ್ಕನ್ನು ಬಾಗಿಸಿ ನೋಡುತ್ತದೆ, ಆದರೆ ಮಿತಿ ಇರುವುದು ಒಂದೇ ಕಡೆಗೆ. ಬಾಗಿಸಲು ಬೇಕಾಗುವ ಬಲ 12.25 ಕಿಲೋ ದಾಟುವಂತಿಲ್ಲ. ಅಂದರೆ ಕಲ್ಲಿನಂಥ ಡಿಸ್ಕ್‌ಗೆ ಅಡ್ಡಿಯಿದೆ, ಎಷ್ಟು ಮೆತ್ತಗಿರಬಹುದು ಅನ್ನುವುದಕ್ಕಿಲ್ಲ. ಹಾಗಾಗಿ ಕಂಪನಿಗಳು ಎಷ್ಟು ಬೇಕಾದರೂ ಮೆತ್ತಗೆ ಮಾಡಬಹುದು, ಮಾಡಿಯೂ ಇವೆ.

ಕೊಳ್ಳುವಾಗ ಹೆಸರು ಓದಿ ನಂಬಬೇಡಿ. ಎರಡೂ ಕೈಯಲ್ಲಿ ಎದುರುಬದುರು ಅಂಚು ಹಿಡಿದು ಒಳಕ್ಕೆ ಒತ್ತಿ, ಆಮೇಲೆ ತಟ್ಟೆಯ (ಅಂಚಿನ ಒಳಗಿನ ಚಪ್ಪಟೆ ಭಾಗದ) ನಡುವೆ ಹೆಬ್ಬೆರಳಿಂದ ಅದುಮಿ. ಅಂಚು ಮಾತ್ರ ಬಾಗಿ ತಟ್ಟೆ ಬಿಗಿಯಾಗಿರುವ ಡಿಸ್ಕ್ ಬೇರೆ, ತಟ್ಟೆಯೂ ಟಪಕ್ ಅಂತ ಒಳಗೆ ಕುಸಿಯುವ ಡಿಸ್ಕ್ ಬೇರೆ. ಈ ಎರಡನೆಯ ಜಾತಿಯನ್ನೇ ನಾನು ಇಲ್ಲಿ "ತೀರಾ ಮೆತ್ತನೆ" ಅನ್ನುತ್ತಿರುವುದು.

ಮೊದಲು ಪರೀಕ್ಷೆ

ಒಂದೇ ಮೌಲ್ಡ್ (ಅಚ್ಚು, ಅಂದರೆ ಒಂದೇ ಆಕಾರ), ಒಂದೇ ತೂಕ, ಬೇರೆ ಬೇರೆ ಗಡಸುತನದ ಎರಡು ಪಟರ್ ಹೊಂದಿಸಿಕೊಳ್ಳಿ. ಗೆಳೆಯರಿಂದ ಎರವಲು ತಂದರೂ ಸರಿ. ಏವಿಯರ್, ಜಡ್ಜ್ ಅಂತ ಎರಡು ಪಟರ್‌ಗಳಿವೆ; ಗಟ್ಟಿ ಏವಿಯರ್ ಜೊತೆ ಮೆತ್ತನೆಯ ಜಡ್ಜ್ ಹೋಲಿಸಿದರೆ ಏನೂ ತಿಳಿಯುವುದಿಲ್ಲ, ಎರಡರ ಆಕಾರವೇ ಬೇರೆ. ತೂಕವೂ ಹಾಗೆಯೇ. ನಿಯಮದ ಪ್ರಕಾರ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮಿತಿ, ಹಾಗಾಗಿ 21.2 ಸೆಂ.ಮೀ. ಪಟರ್ ಸುಮಾರು 176 ಗ್ರಾಂವರೆಗೆ ಇರಬಹುದು. ಒಂದು 175, ಇನ್ನೊಂದು 165 ಆಗಿದ್ದರೆ ನೀವು ನೋಡುತ್ತಿರುವುದು ತೂಕದ ವ್ಯತ್ಯಾಸ.

ಆರು ಮೀಟರಿನಿಂದ ಶುರುಮಾಡಿ, ಆಮೇಲೆ ಒಂಬತ್ತಕ್ಕೆ ಹೋಗಿ. ಬಾಸ್ಕೆಟ್ಟಿನಿಂದ ಹತ್ತು ಮೀಟರ್ ಒಳಗಿನ ಜಾಗಕ್ಕೆ "ಸರ್ಕಲ್ ಒನ್" ಅನ್ನುತ್ತಾರೆ, ಅದರೊಳಗಷ್ಟೇ ಈ ಪ್ರಶ್ನೆಗೆ ಅರ್ಥ. ಮೆತ್ತನೆಯದು ಒಂದು, ಗಟ್ಟಿಯದು ಒಂದು ಅಂತ ಬಿಟ್ಟು ಬಿಟ್ಟು ಎಸೆಯಿರಿ. ಒಂದೇ ಬಗೆಯದನ್ನು ಸಾಲಾಗಿ ಎಸೆದರೆ ಕೈ ಅದಕ್ಕೆ ಹೊಂದಿಕೊಂಡು ತಪ್ಪು ಮುಚ್ಚಿಹೋಗುತ್ತದೆ. ಒಳಗೆ ಬಿದ್ದವನ್ನು ಲೆಕ್ಕ ಇಡಬೇಡಿ. ತಪ್ಪಿದವು ಎಲ್ಲಿ ತಪ್ಪಿದವು ಅಂತ ಮಾತ್ರ ಫೋನಿನಲ್ಲಿ ಬರೆದುಕೊಳ್ಳಿ: ಎಡ, ಬಲ, ಮೇಲೆ, ಕೆಳಗೆ, ಅಥವಾ ಚೈನಿಗೆ ಬಡಿದು ಹೊರಗೆ. ಸಾಧ್ಯವಾದರೆ ಯಾರಿಗಾದರೂ ಹೇಳಿ ಪಕ್ಕದಿಂದ ಸ್ಲೋ ಮೋಷನ್ ವಿಡಿಯೊ ತೆಗೆಸಿ. ಡಿಸ್ಕ್ ಮೇಲಿನ ಸ್ಟ್ಯಾಂಪ್ ಹೊಳೆಯುವ ಬಗೆಯಲ್ಲೇ ಓಲಾಟ ಗೊತ್ತಾಗುತ್ತದೆ. ಸರಿಯಾಗಿ ಬಿಟ್ಟ ಡಿಸ್ಕ್‌ನಲ್ಲಿ ಹೊಳಪು ಒಂದೇ ಸಮನಾಗಿ ಉಳಿಯುತ್ತದೆ, ಓಲಾಡುವ ಡಿಸ್ಕ್‌ನಲ್ಲಿ ಮಿಣಕ್ ಮಿಣಕ್ ಅನ್ನುತ್ತದೆ.

ಕೈಯಲ್ಲಿ ಕೆಡುವ ಪಟ್

ಲಕ್ಷಣ ಒಂದು: ಮೆತ್ತನೆಯದು ಬಲಕ್ಕೆ ಹೋಗುತ್ತದೆ, ಗಟ್ಟಿಯದು ನೇರ ಹೋಗುತ್ತದೆ. ಡಿಸ್ಕ್ ಕೈಯಿಂದ ಒಂದು ಕೂದಲೆಳೆ ತಡವಾಗಿ ಬಿಟ್ಟುಕೊಳ್ಳುತ್ತಿದೆ. ಮೆತ್ತನೆಯ ಬೇಸ್ (ಅಗ್ಗದ, ಸಾಮಾನ್ಯ ದರ್ಜೆಯ) ಪ್ಲಾಸ್ಟಿಕ್‌ಗೆ ಅಂಟು ಜಾಸ್ತಿ, ಜೊತೆಗೆ ಬೆರಳು ಒತ್ತಿದ ಕಡೆ ಅಂಚು ತಗ್ಗಿ ಬೆರಳನ್ನು ಹಿಡಿದುಕೊಳ್ಳುತ್ತದೆ. ಇದಕ್ಕೆ ಮದ್ದು ಹಿಡಿತ ಸಡಿಲ ಮಾಡುವುದು. ಗಟ್ಟಿ ಪಟರ್ ಹಿಡಿದ ಬಿಗಿಯಲ್ಲೇ ಮೆತ್ತನೆಯದನ್ನೂ ಹಿಡಿಯುವವರಿಗೆ ಈ ತೊಂದರೆ ಗ್ಯಾರಂಟಿ. ತಮಾಷೆಯೆಂದರೆ ಹೆಚ್ಚಿನವರು ಮೆತ್ತನೆಯದನ್ನು ಕೊಳ್ಳುವುದೇ ಗ್ರಿಪ್ ಚೆನ್ನಾಗಿರಲಿ ಅಂತ. ಗ್ರಿಪ್ ತಾನಾಗಿಯೇ ಸಿಕ್ಕ ಮೇಲೆ ಹಿಂದಿನಷ್ಟು ಒತ್ತುವ ಅಗತ್ಯವಿಲ್ಲ ಅನ್ನುವುದು ಬೆರಳಿಗೆ ತಿಳಿಯಲು ಕೆಲವು ವಾರ ಬೇಕು.

ಲಕ್ಷಣ ಎರಡು: ಬಿಟ್ಟ ಕೂಡಲೇ ಮೂಗು ಮೇಲೆತ್ತಿ, ಬಾಸ್ಕೆಟ್ ಮುಂದೆ ಸೋತು ಎಡಕ್ಕೆ ಬೀಳುತ್ತದೆ. ಹೆಬ್ಬೆರಳನ್ನು ನೋಡಿ. ಬೆರಳುಗಳನ್ನು ಅಡಿಯಲ್ಲಿ ಹರಡಿ ಹೆಬ್ಬೆರಳನ್ನು ತಟ್ಟೆಯ ಮೇಲೆ ಊರುವ ಫ್ಯಾನ್ ಗ್ರಿಪ್‌ನಲ್ಲಿ, ತಟ್ಟೆ ಹೆಬ್ಬೆರಳಿನ ಕೆಳಗೆ ಕುಸಿದಿರುತ್ತದೆ. ಬಿಟ್ಟಾಗ ಅದು ಮತ್ತೆ ಪುಟಿದು ಮೇಲೆ ಬರುತ್ತದೆ. ನೀವು ಗುರಿಯಿಟ್ಟ ಕೋನ ಒಂದು, ಡಿಸ್ಕ್ ಹೊರಟ ಕೋನ ಇನ್ನೊಂದು. ಹೆಬ್ಬೆರಳನ್ನು ತಟ್ಟೆಯ ನಡುವಿನಿಂದ ಅಂಚಿನ ಹತ್ತಿರಕ್ಕೆ ಸರಿಸಿ, ಅಲ್ಲಿ ಪ್ಲಾಸ್ಟಿಕ್ ದಪ್ಪ, ಕುಸಿಯುವುದಿಲ್ಲ. ಎಷ್ಟೋ ಸಲ ಇಷ್ಟಕ್ಕೇ ರೋಗ ವಾಸಿ. ವಾಸಿಯಾಗದಿದ್ದರೆ ಆ ಡಿಸ್ಕ್ ನಿಮ್ಮ ಕೈಬಲಕ್ಕೆ ಮೀರಿದ ಮೆತ್ತನೆಯದು, ಒಂದು ದರ್ಜೆ ಗಟ್ಟಿಯದಕ್ಕೆ ಹೋಗಿ.

ಲಕ್ಷಣ ಮೂರು: ಹೊಸ ಮೆತ್ತನೆಯ ಪಟರ್ ಅಂಟುವ ಬದಲು ಜಾರುತ್ತದೆ. ಇದು ಮೆತ್ತನೆಯ ತಪ್ಪಲ್ಲ. ಅಚ್ಚಿನಿಂದ ಸಲೀಸಾಗಿ ಹೊರಬರಲೆಂದು ಬಳಸುವ ಪದಾರ್ಥದ ಪದರ ಮೇಲೆ ಉಳಿದಿರುತ್ತದೆ. ಪಾತ್ರೆ ತೊಳೆಯುವ ಸೋಪು, ಉಗುರು ಬೆಚ್ಚಗಿನ ನೀರು, ಒಂದು ಮೆತ್ತನೆ ಬಟ್ಟೆ, ಅಷ್ಟೇ. ಕೆಂಪು ಜೇಡಿಮಣ್ಣಿನ ಊರಲ್ಲಿ ಆಡುವವರು ಆಗಾಗ ಇದನ್ನು ಮಾಡುತ್ತಿರಬೇಕು. ಅಂಟುವ ಪ್ಲಾಸ್ಟಿಕ್ ನಿಮ್ಮ ಕೈಗೆ ಎಷ್ಟು ಅಂಟುತ್ತದೋ ಧೂಳಿಗೂ ಅಷ್ಟೇ ಅಂಟುತ್ತದೆ.

ಗಾಳಿಯಲ್ಲಿ ಕೆಡುವ ಪಟ್

ವಿಡಿಯೊದಲ್ಲಿ ಓಲಾಟ ಕಂಡಿತೇ? ಎರಡೂ ಡಿಸ್ಕ್ ಓಲಾಡುತ್ತಿದ್ದರೆ ತಪ್ಪು ನಿಮ್ಮ ಬಿಡುಗಡೆಯದು, ಯಾವ ಪ್ಲಾಸ್ಟಿಕ್ಕೂ ಅದನ್ನು ಸರಿಮಾಡುವುದಿಲ್ಲ. ಮೆತ್ತನೆಯದು ಮಾತ್ರ ಓಲಾಡುತ್ತಿದ್ದರೆ, ಮಣಿಕಟ್ಟು ಚಿಮ್ಮಿಸುವಾಗ ಅಂಚು ಬಾಗಿ, ಬಿಟ್ಟ ಮೇಲೆ ನೆಟ್ಟಗಾಗುತ್ತಿದೆ. ಓಲಾಡುವ ಡಿಸ್ಕ್‌ಗೆ ಗಾಳಿಯ ಎಳೆತ ಹೆಚ್ಚು, ವೇಗ ಬೇಗ ಸಾಯುತ್ತದೆ. ಬರೆದಿಟ್ಟ ಪಟ್ಟಿಯಲ್ಲಿ ಇದು ಹೀಗೆ ಕಾಣುತ್ತದೆ: ಆರು ಮೀಟರಿನಲ್ಲಿ ಎರಡೂ ಒಂದೇ, ಒಂಬತ್ತಕ್ಕೆ ಹೋದ ಕೂಡಲೇ ಮೆತ್ತನೆಯದು ಕೆಳಗೆ ಬೀಳಲು ಶುರು, ಬಾಸ್ಕೆಟ್ಟಿನ ತೊಟ್ಟಿಗೆ ಹೊರಗಿಂದ ಬಡಿಯುತ್ತದೆ.

ಇಲ್ಲಿ ನಿಮ್ಮ ಪಟ್ ಶೈಲಿ ಮುಖ್ಯ. ಸ್ಪಿನ್ ಪಟ್ ಮಾಡುವವರು ಮಣಿಕಟ್ಟಿನಿಂದ ಜೋರಾಗಿ ಚಿಮ್ಮಿಸುತ್ತಾರೆ, ಆ ಬಲವೆಲ್ಲ ಅಂಚಿನ ಒಂದೇ ಕಡೆ ಬೀಳುತ್ತದೆ, ಮೆತ್ತನೆಯ ಅಂಚು ಬಾಗಿಯೇ ಬಾಗುತ್ತದೆ. ಪುಶ್ ಪಟ್ ಮಾಡುವವರು ಕಾಲಿನ ಬಲದಿಂದ ಮೇಲಕ್ಕೆ ತೇಲಿಸುತ್ತಾರೆ, ಅಂಚಿನ ಮೇಲೆ ಒತ್ತಡ ಕಡಿಮೆ. ಹಾಗಾಗಿ ಪುಶ್ ಪಟ್‌ನವರಿಗೆ ಮೆತ್ತನೆಯದು ಹೊಂದುತ್ತದೆ ಅನ್ನುವ ಮಾತಿದೆ, ಅದು ಒಂದು ಮಟ್ಟಿಗೆ ನಿಜವೂ ಹೌದು. ಆದರೆ ಪುಶ್ ಪಟ್‌ನಲ್ಲಿ ಸ್ಪಿನ್ ಕಮ್ಮಿ. ಏನೋ ಕಾರಣಕ್ಕೆ ಡಿಸ್ಕ್ ಒಮ್ಮೆ ಓಲಾಡಿತೋ, ಅದನ್ನು ದಾರಿಯಲ್ಲಿ ಸಮಾಧಾನ ಮಾಡುವಷ್ಟು ಸ್ಪಿನ್ ಇರುವುದಿಲ್ಲ, ಬಾಸ್ಕೆಟ್ ತನಕ ಓಲಾಡಿಕೊಂಡೇ ಹೋಗುತ್ತದೆ.

ಎದುರುಗಾಳಿ ಇದ್ದ ದಿನ ಈ ಪರೀಕ್ಷೆ ಇನ್ನೂ ಸ್ಪಷ್ಟ. ಎದುರುಗಾಳಿ ಡಿಸ್ಕನ್ನು ಎತ್ತುತ್ತದೆ, ಸಣ್ಣ ಓಲಾಟವನ್ನೂ ದೊಡ್ಡದು ಮಾಡುತ್ತದೆ. ಶಾಂತ ದಿನ ಚೆನ್ನಾಗಿ ಹೋಗುವ ಮೆತ್ತನೆಯ ಪಟರ್ ಗಾಳಿಯ ದಿನ ಮಾತ್ರ ಕೈಕೊಡುತ್ತಿದ್ದರೆ ಕಾರಣ ಇದೇ. ಗಾಳಿಯ ದಿನಕ್ಕೆಂದು ಅದೇ ಮೌಲ್ಡಿನ ಗಟ್ಟಿಯದೊಂದನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯ ಉಪಾಯ.

ಇನ್ನೊಂದು ಕಳ್ಳ ಕಾರಣವಿದೆ, ಅದನ್ನು ಬಹಳ ಜನ ಮೆತ್ತನೆಯ ತಲೆಗೆ ಕಟ್ಟುತ್ತಾರೆ. ಒಂದೇ ಅಚ್ಚಿಗೆ ಬೇರೆ ಬೇರೆ ಪ್ಲಾಸ್ಟಿಕ್ ಸುರಿದಾಗ, ಆರುವಾಗ ಒಂದೊಂದು ಒಂದೊಂದು ಥರ ಕುಗ್ಗುತ್ತದೆ. ಅದರಿಂದ ಡಿಸ್ಕಿನ ಅಂಚಿನಲ್ಲಿ ಅಚ್ಚಿನ ಎರಡು ಹೋಳು ಕೂಡಿದ ಗೆರೆ ತುಸು ಮೇಲೋ ಕೆಳಗೋ ಬರುತ್ತದೆ. ಗೆರೆ ಮೇಲಿದ್ದರೆ ಡಿಸ್ಕ್ ಹೆಚ್ಚು ಎಡಕ್ಕೆ ವಾಲುತ್ತದೆ, ಕೆಳಗಿದ್ದರೆ ನೇರ ಹೋಗುತ್ತದೆ. ಎರಡೂ ಪಟರನ್ನು ಗಾಜಿನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಆ ಗೆರೆ ನೋಡಿ. ವ್ಯತ್ಯಾಸ ಕಣ್ಣಿಗೆ ಕಂಡರೆ ನಿಮ್ಮ ಎಡ ಬಲದ ದೂರಿಗೂ ಮೆತ್ತನೆಗೂ ಸಂಬಂಧವಿಲ್ಲ.

ಚೈನಿನಲ್ಲಿ ಕೆಡುವ ಪಟ್

ಮೆತ್ತನೆಯ ಪಟರ್ ತನ್ನ ಹೆಸರು ಉಳಿಸಿಕೊಳ್ಳುವುದು ಇಲ್ಲಿ. ಗಟ್ಟಿ ಡಿಸ್ಕ್ ನಡುವಿನ ಕಂಬಕ್ಕೆ ಬಡಿದರೆ ಠಣ್ ಅಂತ ಬಂದ ದಾರಿಗೇ ಪುಟಿಯುವುದುಂಟು. ಮೆತ್ತನೆಯದು ಕಂಬಕ್ಕೆ ತಾಗಿದಾಗ ತಾನೇ ಬಾಗಿ, ವೇಗವನ್ನು ಒಳಗೇ ನುಂಗಿ, ತೊಟ್ಟಿಗೆ ಬೀಳುತ್ತದೆ. ಚೈನಿನ ಕೊಂಡಿಗಳ ಮೇಲೂ ಜಾರದೆ ಕಚ್ಚುತ್ತದೆ. ಬರೆದಿಟ್ಟ ಪಟ್ಟಿಯಲ್ಲಿ "ಬಡಿದು ಹೊರಗೆ" ಅನ್ನುವುದೇ ಹೆಚ್ಚಾಗಿದ್ದು, ಅವು ಕಂಬಕ್ಕೆ ನೇರ ಬಡಿದವಾಗಿದ್ದರೆ, ಮೆತ್ತನೆಯ ಪಟರ್ ನಿಮಗೆ ನಿಜವಾಗಿ ಲಾಭ.

ಆದರೆ ಎಲ್ಲ ಪುಟಿತಕ್ಕೂ ಇದು ಮದ್ದಲ್ಲ. ಬಲಗೈ ಬ್ಯಾಕ್‌ಹ್ಯಾಂಡ್ ಪಟ್ ಬಾಸ್ಕೆಟ್ಟಿನ ಎಡಭಾಗಕ್ಕೆ ತಾಗಿದರೆ ಡಿಸ್ಕ್ ಮೊದಲೇ ಎಡಕ್ಕೆ ವಾಲುತ್ತಿರುತ್ತದೆ, ಕಂಬದಿಂದ ದೂರ ಹೋಗುತ್ತಿರುತ್ತದೆ, ಹೊರಚೈನಿನಿಂದ ಜಾರಿ ಬೀಳುತ್ತದೆ. ಆಟಗಾರರು ಇದನ್ನು ವೀಕ್ ಸೈಡ್ ಅನ್ನುತ್ತಾರೆ. ಅಲ್ಲಿ ಜಾರುವುದಕ್ಕೆ ಗುರಿಯೇ ಕಾರಣ, ಕಂಬದ ತುಸು ಬಲಕ್ಕೆ ಗುರಿ ಹಿಡಿಯಿರಿ. ಬಾಸ್ಕೆಟ್ಟಿನ ನೆತ್ತಿಯಲ್ಲಿರುವ ಪಟ್ಟಿಗೆ ಅಥವಾ ತೊಟ್ಟಿಯ ಅಂಚಿಗೆ ಬಡಿಯುವ ಪಟ್‌ಗೂ ಮೆತ್ತನೆಗೂ ನೆಂಟಸ್ತಿಕೆಯಿಲ್ಲ.

ಬಾಸ್ಕೆಟ್ ಯಾವುದು ಅನ್ನುವುದೂ ನೋಡಿ. ಚೈನಿನ ಬಾಸ್ಕೆಟ್ 1970ರ ದಶಕದಲ್ಲಿ ಎಡ್ ಹೆಡ್ರಿಕ್ ಕಂಡುಹಿಡಿದದ್ದು. 1976ರಲ್ಲಿ ಪಿಡಿಜಿಎ ಹುಟ್ಟುಹಾಕಿದವರೂ ಅವರೇ. ಅವರ ಕಂಪನಿಯ ಮ್ಯಾಕ್ 3 ಬಾಸ್ಕೆಟ್‌ನಲ್ಲಿ ಹೊರಗೆ 12, ಒಳಗೆ 6, ಒಟ್ಟು 18 ಚೈನು. ಇನ್ನೋವಾ ಕಂಪನಿಯ ಡಿಸ್ಕ್ಯಾಚರ್ ಪ್ರೊದಲ್ಲಿ 28. ಮನೆಯ ಹಿತ್ತಲಲ್ಲಿಡುವ ಮಡಚುವ ಬಾಸ್ಕೆಟ್‌ನಲ್ಲಿ ಹಗುರ ಚೈನು ಒಂದೇ ಸುತ್ತು ಇರುವುದುಂಟು, ಅದರಲ್ಲಿ ವೇಗದ ಪಟ್ ನಡುವೆ ತೂರಿ ಆಚೆ ಹೋಗುತ್ತದೆ. ಹಿತ್ತಲಲ್ಲಿ ತೂರಿಹೋಯಿತು ಅಂತ ಮೆತ್ತನೆಯ ಪಟರ್ ಕೊಳ್ಳುವುದು ವ್ಯರ್ಥ, ಕೋರ್ಸಿನ ಬಾಸ್ಕೆಟ್‌ನಲ್ಲಿ ಅದೇ ಪಟ್ ನಿಂತಿರುತ್ತಿತ್ತು.

ಇನ್ನು ಇದರಲ್ಲಿರುವ ದೊಡ್ಡ ಇಕ್ಕಟ್ಟು. ಚೈನಿನ ಹತ್ತಿರ ಗಡಸುತನ ಲೆಕ್ಕಕ್ಕೆ ಬರುವುದು ಡಿಸ್ಕ್ ವೇಗವಾಗಿ ಬಂದಾಗ. ಮೆಲ್ಲಗೆ ಮೇಲಿಂದ ತೇಲಿ ಬಂದು ಇಳಿಯುವ ಪುಶ್ ಪಟ್ ಗಟ್ಟಿಯದಾದರೂ ಪುಟಿಯುವುದಿಲ್ಲ, ಪುಟಿಯಲು ಅದರಲ್ಲಿ ವೇಗವೇ ಇಲ್ಲ. ಪುಟಿಯುವ ಕಾಟ ಇರುವುದು ನೇರ ಗೆರೆಯಲ್ಲಿ ಜೋರಾಗಿ ಹೊಡೆಯುವ ಸ್ಪಿನ್ ಪಟ್‌ನವರಿಗೆ. ಅಂದರೆ ಚೈನಿನಲ್ಲಿ ಮೆತ್ತನೆ ಯಾರಿಗೆ ಬೇಕೋ ಅವರ ಕೈಯಲ್ಲೇ ಅದು ಹೆಚ್ಚು ಬಾಗುವುದು. ಯಾರ ಕೈಯಲ್ಲಿ ಅದು ಬಾಗುವುದಿಲ್ಲವೋ ಅವರಿಗೆ ಚೈನಿನಲ್ಲಿ ಅದರ ಅಗತ್ಯವೇ ಕಡಿಮೆ. ಅದಕ್ಕೇ ಸ್ಪಿನ್ ಪಟ್‌ನವರಿಗೆ ನನ್ನ ಸಲಹೆ ಮೀಡಿಯಂ. ಮೂರು ಎಸ್ ಬೇಡ, ಒಂದು ಎಸ್ ಸಾಕು. 12 ಸಲ ವಿಶ್ವ ಚಾಂಪಿಯನ್ ಆದ ಕೆನ್ ಕ್ಲೈಮೊ ಅವರ ಹೆಸರಿನ ಅಕ್ಷರ ಹೊತ್ತ ಕೆಸಿ ಪ್ರೊ ಏವಿಯರ್ ಗಟ್ಟಿ ಕಡೆಗಿನ ಪಟರೇ. ಹಾಗಂತ ಅವರ ಕೈ ನಮಗಿಲ್ಲ, ಅದೂ ನಿಜ.

ನೆಲದಲ್ಲಿ

ಇಲ್ಲಿ ಹೆಚ್ಚು ಹೇಳುವುದಿಲ್ಲ. ತಪ್ಪಿದ ಪಟ್ ಚಪ್ಪಟೆಯಾಗಿ ಬಿದ್ದರೆ ಮೆತ್ತನೆಯದು ಬಿದ್ದಲ್ಲೇ ಕೂರುತ್ತದೆ, ಗಟ್ಟಿಯದು ಜಾರಿ ಮುಂದೆ ಹೋಗುತ್ತದೆ. ಇಳಿಜಾರಿನ ಒಣ ಜೇಡಿಮಣ್ಣಿನಲ್ಲಿ ಆ ವ್ಯತ್ಯಾಸಕ್ಕೆ ಬೆಲೆಯಿದೆ. ಅಂಚಿನ ಮೇಲೆ ಬಿದ್ದರೆ ಮಾತ್ರ ಎರಡೂ ಒಂದೇ, ಚಕ್ರದಂತೆ ಉರುಳುತ್ತವೆ. ಉರುಳುವ ದೂರು ಇರುವವರು ಡಿಸ್ಕ್ ಬೀಳುವ ಕೋನವನ್ನು ನೋಡಲಿ. ಮೂವತ್ತು ನಲವತ್ತು ಮೀಟರಿನಿಂದ ಬಾಸ್ಕೆಟ್ ಹತ್ತಿರಕ್ಕೆ ತರುವ ಎಸೆತಕ್ಕೆ, ಅಂದರೆ ಅಪ್ರೋಚ್‌ಗೆ, ಮೆತ್ತನೆಯದು ನನಗೆ ಬಹಳ ಇಷ್ಟ, ಇದೇ ಕಾರಣಕ್ಕೆ. ಟೀಯಿಂದ (ಮೊದಲ ಎಸೆತದ ಜಾಗದಿಂದ) ಪೂರ್ತಿ ಬಲ ಹಾಕಿ ಅದನ್ನು ಎಸೆಯಬೇಡಿ, ಬಾಗಿ ಓಲಾಡಿ ಎಲ್ಲೋ ಹೋಗುತ್ತದೆ. ಅದಕ್ಕೆ ಅದೇ ಮೌಲ್ಡಿನ ಗಟ್ಟಿ ಪ್ರೀಮಿಯಂ ಪ್ಲಾಸ್ಟಿಕ್ ಇಟ್ಟುಕೊಳ್ಳಿ.

ಜುಲೈಯಲ್ಲಿ ಒಂದು ಥರ, ಜನವರಿಯಲ್ಲಿ ಇನ್ನೊಂದು ಥರ

ಪಟ್ ಕೆಟ್ಟದ್ದು ಋತು ಬದಲಾದಾಗಲಾ ಅಂತ ಕೇಳಿಕೊಳ್ಳಿ. ನಾರ್ತ್ ಕ್ಯಾರೊಲೈನಾದಲ್ಲಿ ಬೇಸಿಗೆಯ ಮಧ್ಯಾಹ್ನ 32–33 ಡಿಗ್ರಿ ಸಾಮಾನ್ಯ, ಚಳಿಗಾಲದ ಬೆಳಿಗ್ಗೆ ಸೊನ್ನೆಯ ಹತ್ತಿರ. ಅದೇ ಬೇಸ್ ಪ್ಲಾಸ್ಟಿಕ್ ಪಟರ್ ಜುಲೈಯಲ್ಲಿ ಆಗತಾನೇ ಹೆಂಚಿನಿಂದ ಇಳಿಸಿದ ಚಪಾತಿ, ಜನವರಿಯಲ್ಲಿ ಹಪ್ಪಳ. ಮಾರ್ಚಿನಲ್ಲಿ ಕೊಂಡ ಮೆತ್ತನೆಯ ಪಟರ್ ಜುಲೈಯಲ್ಲಿ ಕೈಗೆ ಅಂಟಿ ಬಲಕ್ಕೆ ಎಳೆದರೆ ನಿಮ್ಮ ಹೊಡೆತ ಬದಲಾಗಿಲ್ಲ, ಪ್ಲಾಸ್ಟಿಕ್ ಬದಲಾಗಿದೆ. ಚಳಿಗಾಲಕ್ಕೆ ಒಂದು ದರ್ಜೆ ಮೆತ್ತನೆಯದು, ಬೇಸಿಗೆಗೆ ಒಂದು ದರ್ಜೆ ಗಟ್ಟಿಯದು ಇಟ್ಟುಕೊಂಡರೆ ವರ್ಷವಿಡೀ ಕೈಗೆ ಹೆಚ್ಚುಕಡಿಮೆ ಒಂದೇ ಅನುಭವ ಸಿಗುತ್ತದೆ. ಮೌಲ್ಡ್ ಮಾತ್ರ ಬದಲಿಸಬೇಡಿ.

ಮಳೆಯಲ್ಲಿ ಮೆತ್ತನೆಯದು ಜಾರುವುದೇ ಇಲ್ಲ ಅನ್ನುವುದು ಸುಳ್ಳು. ನೀರಿನ ಪದರ ಬಂದರೆ ಯಾವುದೂ ಜಾರುತ್ತದೆ. ಟವೆಲ್ ಎರಡು ಇಟ್ಟುಕೊಳ್ಳಿ, ಒಂದು ಬ್ಯಾಗಿನ ಒಳಗೆ ಒಣಗಿರಲಿ.

ಬಿಸಿಲಿನ ಕಾರಿನಲ್ಲಿ ಬ್ಯಾಗ್ ಬಿಟ್ಟರೆ ತೀರಾ ಮೆತ್ತನೆಯ ಪಟರ್ ಪಕ್ಕದ ಡಿಸ್ಕ್‌ಗಳ ಒತ್ತಡಕ್ಕೆ ಸೊಟ್ಟಗಾಗುತ್ತದೆ. ಮೇಜಿನ ಮೇಲಿಟ್ಟು ಅಂಚಿನ ಒಂದು ಕಡೆ ಒತ್ತಿ, ಎದುರು ಕಡೆ ಎದ್ದರೆ ಸೊಟ್ಟಗಾಗಿದೆ ಅಂತಲೇ. ಕಾರಣ ತಿಳಿಯದ ಓಲಾಟಕ್ಕೆ ಎಷ್ಟೋ ಸಲ ಇದೇ ಮೂಲ, ನಿಜ ಹೇಳಬೇಕೆಂದರೆ ಎಲ್ಲಕ್ಕೂ ಮೊದಲು ಇದನ್ನೇ ನೋಡಬಹುದು. ನಲ್ಲಿಯ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಸಮತಟ್ಟಾದ ಜಾಗದಲ್ಲಿಟ್ಟು, ಮೇಲೆ ಸಮನಾದ ಭಾರ ಹೇರಿ, ಪೂರ್ತಿ ಆರುವ ತನಕ ಬಿಡಿ. ಮೂಲ ಆಕಾರಕ್ಕೆ ತರುವುದಷ್ಟೇ ಉದ್ದೇಶವಾಗಿರಲಿ. ಹಾರಾಟ ಬದಲಾಗಲಿ ಅಂತ ಬೇಕೆಂದೇ ಡಿಸ್ಕಿನ ಆಕಾರ ತಿದ್ದುವುದು ಪಿಡಿಜಿಎ ನಿಯಮಕ್ಕೆ ವಿರುದ್ಧ. ಮರಕ್ಕೆ, ಚೈನಿಗೆ ಬಡಿದು ಅಂಚಿನಲ್ಲಿ ಎದ್ದ ಸಿಬಿರನ್ನು ನುಣುಪಾದ ಉಪ್ಪು ಕಾಗದದಿಂದ ಮೆಲ್ಲಗೆ ತೀಡುವುದಕ್ಕೆ ಅನುಮತಿಯಿದೆ, ಮೆತ್ತನೆಯ ಬೇಸ್ ಪ್ಲಾಸ್ಟಿಕ್‌ಗೆ ಆ ಕೆಲಸ ಬೇಗ ಬೇಗ ಬೀಳುತ್ತದೆ.